ಮಾಂಟೆಕ್ರಿಸ್ಟೊ ನಂಬರ್ 4, ಪಾಡ್ರೋನ್ ಲಾಂಡ್ರೆಸ್: ಹುಬ್ಬಳ್ಳಿ ಬೇಸಿಗೆಯಲ್ಲಿ ಎರಡನ್ನೂ ಸೇದಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಾಡ್ರೋನ್‌ಗೆ. ಜನವರಿಯಿಂದ ಮೇ ತನಕ ಈ ಎರಡೂ ಸಿಗಾರ್‌ಗಳನ್ನು ಐದೈದು ಸೇದಿದ್ದೇನೆ. ವಿದ್ಯಾನಗರದ ನಮ್ಮ ಮನೆ ಟೆರೇಸ್ ಮೇಲೆ, ರಾತ್ರಿ ಊಟ ಆದ ಮೇಲೆ, ತಿಂಗಳಿಗೆ ಎರಡೇ. ಅದಕ್ಕಿಂತ ಜಾಸ್ತಿ ನನ್ನ ಬಜೆಟ್ಟೂ ಒಪ್ಪಲ್ಲ, ಬಾಯಿಗೂ ಒಳ್ಳೆಯದಲ್ಲ. ಹೊಗೆ ಒಳಗೆ ಎಳೆಯದಿದ್ದರೂ ಬಾಯಿ ಕ್ಯಾನ್ಸರ್ ಅಪಾಯ ಇದ್ದೇ ಇದೆ, ಇದನ್ನು ಓದಿ ಯಾರೂ ಹೊಸದಾಗಿ ಶುರು ಮಾಡಬೇಡಿ.

ಇವೆರಡನ್ನೇ ಹೋಲಿಸೋಕೆ ಕಾರಣ ಇದೆ. ಎರಡರದ್ದೂ ದಪ್ಪ ಒಂದೇ, 42 ರಿಂಗ್, ಅಂದರೆ ಒಂದು ಇಂಚಿನ 64 ಭಾಗದಲ್ಲಿ 42. ಪಾಡ್ರೋನ್ ಸ್ವಲ್ಪ ಉದ್ದ, ಅಷ್ಟೇ. ಮಾಂಟೆಕ್ರಿಸ್ಟೊ ಕ್ಯೂಬಾದ್ದು. ಐದರ ಪ್ಯಾಕನ್ನು ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿ ತರಿಸಿದೆ, ಕೊರಿಯರ್ ಸೇರಿ 9 ಸಾವಿರದ ಮೇಲೆ ಆಯಿತು. ಪಾಡ್ರೋನ್ ಹತ್ತು ತಂದುಕೊಟ್ಟವನು ಅಮೆರಿಕದಲ್ಲಿರುವ ಗೆಳೆಯ. ಅಲ್ಲಿ 1962ರಿಂದ ಕ್ಯೂಬಾ ಸಿಗಾರ್ ಮಾರುವ ಹಾಗಿಲ್ಲ. ಕ್ಯೂಬಾ ಬಿಟ್ಟು ಬಂದ ಹೋಸೆ ಪಾಡ್ರೋನ್ 1964ರಲ್ಲಿ ಮಯಾಮಿಯಲ್ಲಿ ಶುರು ಮಾಡಿದ ಕಂಪನಿ ಇದು, ಈಗ ಎಲೆ ನಿಕರಾಗುವಾದ್ದು. ಒಂದಕ್ಕೆ ನಮ್ಮ ಲೆಕ್ಕದಲ್ಲಿ ಸುಮಾರು 600 ರೂಪಾಯಿ ಬಿತ್ತು.

ಈಗ ನನ್ನ ಹೊಟ್ಟೆ ಉರಿಸಿದ ವಿಷಯ. ಕ್ಯೂಬಾ ಪ್ಯಾಕ್ ಬಂದಾಗ ಪೆಟ್ಟಿಗೆ ಚಂದ, ಸೀಲ್ ಸರಿಯಾಗಿತ್ತು. ಒಂದನ್ನು ಕೈಗೆ ತಗೊಂಡು ಮೆಲ್ಲಗೆ ಒತ್ತಿದೆ, ಚರಚರ ಅಂತ ಸದ್ದು ಬಂತು. ನನ್ನ ಸೋದರಮಾವ ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡಿದವರು, ಎಲೆ ಕೈಗೆ ಬಂದರೆ ಮೊದಲು ಎರಡು ಬೆರಳಲ್ಲಿ ಮಡಚಿ ನೋಡುತ್ತಿದ್ದರು. ಮಡಚಿದರೆ ಮಾಲು, ಮುರಿದರೆ ಕಸ ಅನ್ನೋರು. ಆ ಮಾತು ನೆನಪಾಗಿ ಎದೆ ಧಸಕ್ ಅಂತು. ಆದರೂ ಆಸೆ ತಡೆಯದೆ ಅವತ್ತೇ ಒಂದು ಹಚ್ಚಿದೆ. ಸೇದುವ ತುದಿ ಕತ್ತರಿಸುವಾಗಲೇ ಮೇಲಿನ ಎಲೆ ಉದ್ದಕ್ಕೆ ಸೀಳಿತು. ಬೆಂಕಿ ಒಂದೇ ಪಕ್ಕಕ್ಕೆ ಓಡಿತು, ಹೊಗೆ ಬಿಸಿಯಾಗಿ ನಾಲಿಗೆ ಚುರ್ ಅಂತು, 20 ನಿಮಿಷಕ್ಕೆ ಮುಗಿದುಹೋಯಿತು. 1,800 ರೂಪಾಯಿ!

ಅಂಗಡಿಗೆ ಫೋನ್ ಮಾಡಿದರೆ, ನಿಮ್ಮ ಊರಿನ ಹವೆ ಒಣ, ನಾವೇನು ಮಾಡೋಣ ಅಂದರು. ಹವೆ ಒಣ ಇರೋದು ನಿಜ, ಶಿವರಾತ್ರಿ ಕಳೆದರೆ ಇಲ್ಲಿ ಹಪ್ಪಳ ಒಂದೇ ಮಧ್ಯಾಹ್ನಕ್ಕೆ ಒಣಗುತ್ತದೆ. ಆದರೆ ಕೊರಿಯರ್ ಎರಡು ದಿನದಲ್ಲಿ ಬಂದಿತ್ತು, ಅಷ್ಟರಲ್ಲಿ ಸಿಗಾರ್ ಹೀಗಾಗಲ್ಲ. ಅಂಗಡಿಯಲ್ಲೇ ಬಹಳ ದಿನ ಶೋಕೇಸಿನಲ್ಲಿ ಸುಮ್ನೆ ಇಟ್ಟಿದ್ದರೆ ಹೀಗಾಗೋದು. ಉಳಿದ ನಾಲ್ಕನ್ನು ಗಾಳಿ ಆಡದ ಡಬ್ಬಿಯಲ್ಲಿ, ತೇವ 69 ಪರ್ಸೆಂಟ್ ಹಿಡಿದಿಡುವ ಪೊಟ್ಟಣದ ಜೊತೆ ಐದು ವಾರ ಇಟ್ಟೆ. ಅವಸರ ಮಾಡಿದರೆ ಒಳಗಿನ ಎಲೆ ಉಬ್ಬಿ ಹೊರಗಿನದು ಒಡೆಯುತ್ತದೆ. ಮೂರು ಸುಧಾರಿಸಿದವು. ನಾಲ್ಕನೆಯದು ಎಳೆದರೆ ಹೊಗೆಯೇ ಬರಲಿಲ್ಲ, ಸುತ್ತುವಾಗಲೇ ಒಳಗೆ ಎಲೆ ಬಿಗಿಯಾಗಿ ತುಂಬಿದ್ದರು. ಹದಿನೈದು ನಿಮಿಷ ಗುದ್ದಾಡಿ ಕೆಳಗಿಟ್ಟೆ.

ಸುಧಾರಿಸಿದ ಮೂರರ ರುಚಿ ಬಗ್ಗೆ ಸುಳ್ಳು ಹೇಳಲ್ಲ, ಬಹಳ ಚಂದ. ಹೊಸ ಚರ್ಮದ ವಾಸನೆ, ಹುರಿದ ಕಾಫಿ ಬೀಜ, ಅರ್ಧ ದಾಟಿದ ಮೇಲೆ ಒಂದು ಸಣ್ಣ ಹುಳಿ. ಆ ಹುಳಿ ಪಾಡ್ರೋನ್‌ನಲ್ಲಿ ಸಿಗಲ್ಲ.

ಪಾಡ್ರೋನ್ ರುಚಿ ನೇರ. ಮೊದಲು ಕರಿಮೆಣಸಿನ ಚುರುಕು, ಆಮೇಲೆ ಕೋಕೋ, ಹುರಿದ ಶೇಂಗಾ. ನಾನು ತರಿಸಿದ್ದು ಕಪ್ಪು ಎಲೆಯದ್ದು, ಮಡೂರೋ ಅಂತಾರೆ. ಒಂದು ರಾತ್ರಿ ಧಾರವಾಡ ಪೇಢಾ ಕಚ್ಚಿಕೊಂಡು ಸೇದಿದೆ. ಪೇಢಾದಲ್ಲಿ ಕೆಂಪಗೆ ಹುರಿದ ಖೋವಾ ಇರುತ್ತಲ್ವಾ, ಅದೇ ಪರಿಮಳ ಹೊಗೆಯಲ್ಲೂ ಬಂತು. ಅವತ್ತಿನಿಂದ ಪೇಢಾ ಇಲ್ಲದೆ ಹಚ್ಚಿಲ್ಲ. ಬೂದಿ ಒಂದು ಇಂಚು ಗಟ್ಟಿಯಾಗಿ ನಿಲ್ಲುತ್ತದೆ. ಐದರಲ್ಲಿ ಐದೂ ಸಮನಾಗಿ ಉರಿದು 50 ನಿಮಿಷ ಬಂದವು. ಇವೂ ಅದೇ ಡಬ್ಬಿಯಲ್ಲಿ, ಅದೇ ಬೇಸಿಗೆಯಲ್ಲಿ ಇದ್ದವು.

ನೋಟಕ್ಕೆ ಮಾಂಟೆಕ್ರಿಸ್ಟೊ ಮೇಲು.

ದಿಂಡಿಗಲ್ ಚುಟ್ಟಾ ಕೂಡ ಒಂದು ಸಲ ನೋಡಿದೆ, ಗಂಟಲು ಹಿಡಿಯಿತು, ಅದರ ಮಾತು ಬೇಡ.

ಐದಕ್ಕೆ ಮೂರು ಚೆನ್ನಾಗಿದ್ದರೆ ಆ ಮೂರೇ ತಲಾ 3 ಸಾವಿರಕ್ಕೆ ಬಿದ್ದ ಹಾಗೆ. ನನ್ನಂಥ ಸಂಬಳದವನಿಗೆ ಅದು ಆಗಲ್ಲ. ವಿದೇಶದಿಂದ ಬರುವವರು 25 ಸಿಗಾರ್ ತನಕ ಸುಂಕ ಇಲ್ಲದೆ ತರಬಹುದು. ಯಾರಾದರೂ ನೆಂಟರು ಬರುವುದಿದ್ದರೆ ಪಾಡ್ರೋನ್ ಹೇಳಿ, ಜೊತೆಗೆ ತೇವದ ಪೊಟ್ಟಣ ಎರಡು ಜಾಸ್ತಿ ತರಿಸಿ. ನನ್ನ ಡಬ್ಬಿಯಲ್ಲಿ ಇನ್ನೂ ಐದಿವೆ. ಮಳೆ ಹಿಡಿದ ಮೇಲೆ ಬೆಂಗಳೂರಿಗೆ ಹೋದಾಗ ಒಂದೇ ಒಂದು ಮಾಂಟೆಕ್ರಿಸ್ಟೊ ತರುತ್ತೇನೆ, ಬೇರೆ ಅಂಗಡಿಯಿಂದ, ನಾನೇ ಕೈಯಲ್ಲಿ ಒತ್ತಿ ನೋಡಿ.