ಎರಡು ಹಂತದ ಡಿಸಾಲ್ಟರ್: ವರ್ಷಗಟ್ಟಲೆ ನಡೆಸಿದ ಮೇಲೆ

ಡಿಸಾಲ್ಟರ್, ಅಂದರೆ ಕಚ್ಚಾ ತೈಲದಿಂದ ಉಪ್ಪು ತೆಗೆಯುವ ಘಟಕ, ಅಂದ ತಕ್ಷಣ ಎಲ್ಲರೂ ಟ್ರಾನ್ಸ್‌ಫಾರ್ಮರ್ ಎಷ್ಟು ಕೆವಿ (ಸಾವಿರ ವೋಲ್ಟ್) ಅಂತ ಕೇಳುತ್ತಾರೆ. ನಾನು ಮೊದಲು ನೋಡುವುದು ತೈಲಕ್ಕೆ ನೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಮತ್ತು ಒಳಗಿನ ನೀರಿನ ಮಟ್ಟ ತೋರಿಸುವ ಲೆವೆಲ್ ಮೀಟರ್. ನಮ್ಮ ರಿಫೈನರಿಯಲ್ಲಿರುವುದು ಎಸಿ ಕರೆಂಟಿನ ಎರಡು ಹಂತದ ಘಟಕ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.

ಕಚ್ಚಾ ತೈಲವನ್ನು 130 ಡಿಗ್ರಿ ಆಸುಪಾಸಿಗೆ ಬಿಸಿ ಮಾಡಿ, ಸುಮಾರು ಶೇ 5ರಷ್ಟು ನೀರು ಬೆರೆಸುತ್ತೇವೆ. ಉಪ್ಪು ಆ ನೀರಿಗೆ ಸೇರಿಕೊಳ್ಳುತ್ತದೆ. ಆಮೇಲೆ ಡ್ರಮ್ಮಿನೊಳಗೆ ಸಾವಿರಾರು ವೋಲ್ಟ್. ಈ ವಿದ್ಯುತ್ ಕ್ಷೇತ್ರದಲ್ಲಿ ಪ್ರತಿ ನೀರಹನಿಯ ಒಂದು ತುದಿ ಪಾಸಿಟಿವ್, ಇನ್ನೊಂದು ನೆಗೆಟಿವ್ ಆಗುತ್ತದೆ. ಹನಿಗಳು ಒಂದನ್ನೊಂದು ಎಳೆದು ಕೂಡಿಕೊಳ್ಳುತ್ತವೆ. ಹನಿಯ ಅಗಲ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟು ಬೇಗ ಕೆಳಗಿಳಿಯುತ್ತದೆ. ಕ್ಯಾಲಿಫೋರ್ನಿಯಾದ ಫ್ರೆಡರಿಕ್ ಕಾಟ್ರೆಲ್ 1911ರಲ್ಲಿ ಪೇಟೆಂಟ್ ಪಡೆದ ಉಪಾಯವೇ ಇವತ್ತಿಗೂ ನಡೆಯುತ್ತಿದೆ. ಎಷ್ಟು ಚೆಂದದ ಕೆಲಸ ಅಲ್ವಾ!

ತೈಲ ಒಳ್ಳೆಯದಿದ್ದಾಗ ಸಾವಿರ ಬ್ಯಾರೆಲ್ಲಿಗೆ ಒಂದು ಪೌಂಡಿಗಿಂತ ಕಡಿಮೆ ಉಪ್ಪು ಉಳಿಯುತ್ತದೆ. ಇದು ಸಣ್ಣ ಮಾತಲ್ಲ. ಮೆಗ್ನೀಷಿಯಂ, ಕ್ಯಾಲ್ಸಿಯಂ ಕ್ಲೋರೈಡ್ ಮುಂದೆ ಹೋಗಿ ಫರ್ನೇಸಿನಲ್ಲಿ ಕಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹುಟ್ಟುತ್ತದೆ. ಅದು ತೈಲ ಬಟ್ಟಿ ಇಳಿಸುವ ಕಾಲಮ್ಮಿನ ನೆತ್ತಿಯಲ್ಲಿ ನೀರಿನ ಜೊತೆ ಸೇರಿ ಹೈಡ್ರೋಕ್ಲೋರಿಕ್ ಆಮ್ಲವಾಗಿ ಪೈಪುಗಳನ್ನು ತಿಂದುಹಾಕುತ್ತದೆ.

ಒಂದು ಅಂಕ ಕಳೆದದ್ದು ಲೆವೆಲ್ ಮೀಟರಿಗೆ. ಘಟಕದ ಜೊತೆ ಬಂದದ್ದು ಫ್ಲೋಟ್ (ತೇಲುಬುರುಡೆ) ಮಾದರಿ. ತೈಲ ಮತ್ತು ನೀರಿನ ನಡುವೆ ಎಮಲ್ಷನ್ (ಎರಡೂ ಬೇರೆಯಾಗದೆ ಕಲಸಿಕೊಂಡ ಪದರ) ದಪ್ಪಗಟ್ಟಿದರೆ ಅದಕ್ಕೆ ಏನೂ ತಿಳಿಯದು. ಭಾರದ ತೈಲ ಬಂದಾಗ ಆ ಪದರ ಸುಮ್ನೆ ಮೇಲೇರಿ ಕರೆಂಟಿನ ಗ್ರಿಡ್ ಮುಟ್ಟುತ್ತದೆ. ಆಂಪ್ಸ್ ಏರುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಕೊನೆಗೆ ಟ್ರಿಪ್. ಸ್ಕ್ರೀನ್ ಮೇಲೆ ಮಾತ್ರ ಲೆವೆಲ್ ಸರಿಯಾಗಿಯೇ ಕಾಣುತ್ತದೆ! ಹಾಗಾಗಿ ಪ್ರತಿ ಶಿಫ್ಟಿನಲ್ಲೂ ಟ್ರೈ ಕಾಕ್‌ಗಳಿಂದ (ಬೇರೆ ಬೇರೆ ಎತ್ತರದ ನಲ್ಲಿಗಳು) ಸ್ಯಾಂಪಲ್ ತೆಗೆದು ಕಣ್ಣಲ್ಲೇ ನೋಡುತ್ತೇವೆ. ಹೊಸದು ಕೊಳ್ಳುವವರು ಪದರ ಪದರವಾಗಿ ಸಾಂದ್ರತೆ ಅಳೆಯುವ ಮೀಟರನ್ನೇ ಕೇಳಿ. ದುಡ್ಡು ಜಾಸ್ತಿ, ಆದರೂ ಬಿಡಬೇಡಿ.

ಮಿಕ್ಸಿಂಗ್ ವಾಲ್ವ್‌ನಲ್ಲಿ ಒತ್ತಡದ ಇಳಿತ ಕಡಿಮೆಯಾದರೆ ನೀರು ಉಪ್ಪನ್ನು ಮುಟ್ಟುವುದೇ ಇಲ್ಲ. ಜಾಸ್ತಿಯಾದರೆ ಹನಿಗಳು ತೀರಾ ಸಣ್ಣದಾಗಿ ಕರೆಂಟಿಗೂ ಬಗ್ಗುವುದಿಲ್ಲ. ತೈಲ ಬದಲಾದಾಗಲೆಲ್ಲ ಇದನ್ನು ಮತ್ತೆ ಹೊಂದಿಸಲೇಬೇಕು. ಎಮಲ್ಷನ್ ಒಡೆಯುವ ರಾಸಾಯನಿಕವಾದ ಡೆಮಲ್ಸಿಫೈಯರ್ ಡೋಸ್ ಏರಿಸುವ ಮಾತು ಆಮೇಲೆ.

ಮಡ್ ವಾಶ್, ಅಂದರೆ ಡ್ರಮ್ಮಿನ ತಳ ತೊಳೆಯುವ ಕೆಲಸ, ಮಾಡುವಾಗ ತಳದ ಕೆಸರಿನ ಜೊತೆ ಎಣ್ಣೆಯೂ ಉಪ್ಪುನೀರಿಗೆ ಬರುತ್ತದೆ. ವಾಲ್ವ್ ತೆರೆಯುವ ಮುಂಚೆ ತ್ಯಾಜ್ಯನೀರು ಘಟಕದವರಿಗೆ ಒಂದು ಫೋನ್ ಮಾಡಿ.