ನಾಲ್ಕು ಬೇಸಿಗೆ ಕಂಡ ಫ್ಯಾನ್‌ಗಳು: ದಾವಣಗೆರೆಯಲ್ಲಿ ನಾಕ್ಟುವಾ ಎನ್‌ಎಫ್-ಎ12ಎಕ್ಸ್25 ಬಳಸಿದ ಅನುಭವ

ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಕೂರುವ ಈ ಫ್ಯಾನ್‌ಗಳಲ್ಲಿ ಮೊದಲನೆಯದು ನಮ್ಮ ಮನೆಗೆ ಬಂದಿದ್ದು 2022ರ ಮಾರ್ಚ್‌ನಲ್ಲಿ. ಕೊಂಡ ವಾರದಲ್ಲೇ ವಿಮರ್ಶೆ ಬರೆಯಬಹುದಿತ್ತು. ಆದರೆ ಹೊಸದರಲ್ಲಿ ಯಾವ ಫ್ಯಾನಾದರೂ ಮೆತ್ತಗೇ ತಿರುಗುತ್ತದೆ. ಒಂದು ಮೆಕ್ಕೆಜೋಳದ ಸುಗ್ಗಿಯ ದೂಳು ಕುಡಿದು, ಒಂದು ಏಪ್ರಿಲ್ ತಿಂಗಳ ಸೆಕೆ ತಡೆದ ಮೇಲೆ ಅದರ ನಿಜವಾದ ಗುಣ ಹೊರಗೆ ಬರುವುದು. ನಾಲ್ಕು ಬೇಸಿಗೆ ದಾಟಿದ ಮೇಲೆ ಈಗ ಬರೆಯುತ್ತಿದ್ದೇನೆ.

ನನ್ನ ಕೆಲಸ ಮದುವೆ ವಿಡಿಯೊಗಳ ಎಡಿಟಿಂಗ್. ಅದರ ಜೊತೆಗೆ ಊರಿನ ಅಂಗಡಿಗಳ ಜಾಹೀರಾತಿಗೆ ಧ್ವನಿ ಕೊಡುತ್ತೇನೆ. ಎರಡೂ ನಡೆಯುವುದು ವಿದ್ಯಾನಗರದ ನಮ್ಮ ಮನೆಯ ಮಹಡಿ ಮೇಲಿನ ಒಂದೇ ಕೋಣೆಯಲ್ಲಿ. 2021ರಲ್ಲಿ ಸಾಲ ಮಾಡಿ ಕಟ್ಟಿಸಿದ ಕಂಪ್ಯೂಟರ್: 12 ಕೋರಿನ ರೈಜೆನ್ 9 5900ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಕಾರ್ಡ್. ಕಾಗದದ ಮೇಲೆ ಪ್ರೊಸೆಸರಿಗೆ 105 ವ್ಯಾಟ್, ಕಾರ್ಡಿಗೆ 220 ವ್ಯಾಟ್. ಎರಡೂ ಒಟ್ಟಿಗೆ ದುಡಿಯುವಾಗ 300 ವ್ಯಾಟಿಗೂ ಮೀರಿದ ಶಾಖವನ್ನು ಪೆಟ್ಟಿಗೆಯಿಂದ ಹೊರಗೆ ತಳ್ಳಬೇಕು. ಆ ಕೆಲಸ ಕೇಸ್ ಫ್ಯಾನ್‌ಗಳದ್ದು.

ಕೇಸಿನ ಜೊತೆಗೇ ಬಂದಿದ್ದು ಬಣ್ಣದ ದೀಪದ ನಾಲ್ಕು ಫ್ಯಾನ್. ಮುಂದೆ ಮೂರು, ಹಿಂದೆ ಒಂದು. ಯಾವ ಕಂಪನಿ ಅನ್ನುವುದು ಬೇಡ. ಮೊದಲ ಆರು ತಿಂಗಳು ಸುಮಾರಾಗಿದ್ದವು. ಆಮೇಲೆ ರಾತ್ರಿ ಎಕ್ಸ್‌ಪೋರ್ಟ್ ಹಾಕಿದರೆ, ಅಂದರೆ ಎಡಿಟ್ ಆದ ವಿಡಿಯೊದ ಅಂತಿಮ ಫೈಲ್ ತೆಗೆಯಲು ಬಿಟ್ಟರೆ, ಕೆಳಗಿನ ಹಾಲ್‌ವರೆಗೆ ಸದ್ದು. "ಅದೇನಪ್ಪಾ, ರೂಮ್ನಾಗ ಗಿರಣಿ ಇಟ್ಕಂಡೀಯೇನು?" ಅಂತ ಅಮ್ಮ ಕೇಳಿದ್ದರು. ನಿಜವಾದ ಪೆಟ್ಟು ಬಿದ್ದಿದ್ದು ಮಂಡಿಪೇಟೆಯ ಒಂದು ಬಟ್ಟೆ ಅಂಗಡಿಯವರಿಂದ. ಜಾಹೀರಾತಿನ ಧ್ವನಿ ಕೇಳಿ ಫೋನ್ ಮಾಡಿದರು: "ಅಣ್ಣಾ, ಹಿಂದೆ ಏನೋ ಗುಂಯ್ ಅಂತೈತಲ್ಲ, ಫ್ಯಾನ್ ಹಚ್ಕಂಡು ಮಾತಾಡೀರೇನು?" ಸೀಲಿಂಗ್ ಫ್ಯಾನ್ ಆರಿಸಿಯೇ ರೆಕಾರ್ಡ್ ಮಾಡಿದ್ದೆ. ಆ ಗುಂಯ್ ಕಂಪ್ಯೂಟರಿನದು. ಹಣ ತೆಗೆದುಕೊಂಡು ಮಾಡಿದ ಕೆಲಸದಲ್ಲಿ ಅಂಥ ಕೊರತೆ ಉಳಿದಿದ್ದು ನನಗೆ ಬಹಳ ನೋವು ತಂದಿತು.

ಆ ಗುಂಯ್ ಅನ್ನು ಸಾಫ್ಟ್‌ವೇರಿನಲ್ಲಿ ಅಳಿಸಲು ಯಾಕೆ ಆಗಲಿಲ್ಲ ಅನ್ನುವುದನ್ನು ಹೇಳಬೇಕು, ಏಕೆಂದರೆ ನಾನು ಹೊಸ ಫ್ಯಾನ್ ಆಯ್ದುಕೊಂಡಿದ್ದು ಆ ಲೆಕ್ಕದ ಮೇಲೆಯೇ. ಫ್ಯಾನಿನ ಪ್ರತಿ ರೆಕ್ಕೆಯೂ ಹಿಂದಿನ ಕಡ್ಡಿಗಳ ಮುಂದೆ ಹಾದಾಗ ಗಾಳಿಗೆ ಒಂದು ಏಟು ಕೊಡುತ್ತದೆ. ಏಳು ರೆಕ್ಕೆಯ ಫ್ಯಾನ್ ನಿಮಿಷಕ್ಕೆ 1200 ಸುತ್ತು ತಿರುಗಿದರೆ ಸೆಕೆಂಡಿಗೆ 140 ಏಟು, ಅಂದರೆ 140 ಹರ್ಟ್ಸ್‌ನ ಒಂದು ಸ್ವರ. ಗಂಡಸರ ಮಾತಿನ ಮೂಲ ಸ್ವರವೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಆ ಸ್ವರವನ್ನು ಕತ್ತರಿಸಿದರೆ ಧ್ವನಿಯ ತೂಕವೂ ಅದರೊಂದಿಗೆ ಹೋಗುತ್ತದೆ. ಅದೇ 500 ಸುತ್ತಿಗೆ ಇಳಿಸಿದರೆ ಏಳು ರೆಕ್ಕೆಯದು 58 ಹರ್ಟ್ಸ್, ನಾಕ್ಟುವಾದ ಒಂಬತ್ತು ರೆಕ್ಕೆಯದು 75 ಹರ್ಟ್ಸ್. ಧ್ವನಿ ಮುದ್ರಿಸುವವರು ಸಾಮಾನ್ಯವಾಗಿ ಹಾಕುವ 80 ಹರ್ಟ್ಸ್‌ನ ಲೋ ಕಟ್ (ಅದಕ್ಕಿಂತ ಕೆಳಗಿನ ಸ್ವರಗಳನ್ನು ತಗ್ಗಿಸುವ ಫಿಲ್ಟರ್) ಸಾಕು, ಮಾತಿಗೆ ಏನೂ ಆಗದೆ ಗುಂಯ್ ಮಾತ್ರ ತಗ್ಗುತ್ತದೆ. ಹಾಗಾಗಿ ನನಗೆ ಬೇಕಿದ್ದು 500 ಸುತ್ತಿನಲ್ಲೂ ಒಂದಿಷ್ಟು ಗಾಳಿ ತಳ್ಳುವ ಫ್ಯಾನ್.

ನಿಧಾನ ತಿರುಗಿದರೆ ಸದ್ದು ಕಡಿಮೆ ಎಂದು ಎಲ್ಲರಿಗೂ ಗೊತ್ತು. ಎಷ್ಟು ಕಡಿಮೆ ಅನ್ನುವುದು ಮಾತ್ರ ಅಂದಾಜಿಗೆ ಸಿಗುವುದಿಲ್ಲ. ವೇಗ ಅರ್ಧವಾದರೆ ಗಾಳಿ ಅರ್ಧವಾಗುತ್ತದೆ, ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಅಂಥದ್ದೇ ಇನ್ನೊಂದು ಫ್ಯಾನ್ ಪಕ್ಕಕ್ಕೆ ಸೇರಿಸಿದರೆ ಏರುವುದು 3 ಡೆಸಿಬಲ್ ಮಾತ್ರ. ಒಂದು ಫ್ಯಾನನ್ನು ಪೂರ್ತಿ ವೇಗದಲ್ಲಿ ಓಡಿಸುವ ಬದಲು ಎರಡನ್ನು ಅರ್ಧ ವೇಗದಲ್ಲಿ ಬಿಟ್ಟರೆ ಹೆಚ್ಚುಕಡಿಮೆ ಅಷ್ಟೇ ಗಾಳಿ, 12 ಡೆಸಿಬಲ್ ಕಡಿಮೆ ಸದ್ದು. ಇದು ಗೊತ್ತಾದ ಮೇಲೆ "ಸೈಲೆಂಟ್" ಎಂದು ಪೆಟ್ಟಿಗೆ ಮೇಲೆ ಬರೆದದ್ದನ್ನು ನೋಡುವುದನ್ನೇ ಬಿಟ್ಟೆ. ಅಲ್ಲಿ ಬರೆದ ಡೆಸಿಬಲ್ ಅಂಕಿಯನ್ನೂ ಒಂದು ಕಂಪನಿಯದಕ್ಕೆ ಇನ್ನೊಂದು ಕಂಪನಿಯದನ್ನು ಹೋಲಿಸಿ ನೋಡಬೇಡಿ. ಅಳೆಯುವ ಕೋಣೆ, ದೂರ, ವಿಧಾನ ಒಬ್ಬೊಬ್ಬರದು ಒಂದೊಂದು.

ಆದರೆ ನಿಧಾನಕ್ಕೆ ಒಂದು ಬೆಲೆಯೂ ಇದೆ. ವೇಗ ಅರ್ಧವಾದಾಗ ಗಾಳಿಯ ಒತ್ತಡ ಕಾಲುಭಾಗಕ್ಕೆ ಬೀಳುತ್ತದೆ. ಬಯಲಿನಲ್ಲಿಟ್ಟ ಫ್ಯಾನಿಗೆ ಅದರಿಂದ ನಷ್ಟವಿಲ್ಲ. ದೂಳಿನ ಜಾಲರಿ ಎದುರಿಗಿದ್ದಾಗ ಆ ಕಾಲುಭಾಗದ ಒತ್ತಡ ಗಾಳಿಯನ್ನು ಒಳಗೆ ಎಳೆಯಲು ಸಾಕಾಗುವುದಿಲ್ಲ. ನಮ್ಮೂರಲ್ಲಿ ಜಾಲರಿ ತೆಗೆದು ಕಂಪ್ಯೂಟರ್ ನಡೆಸುವ ಮಾತೇ ಇಲ್ಲ. ಸುಗ್ಗಿಯ ತಿಂಗಳುಗಳಲ್ಲಿ ಊರಿನ ಸುತ್ತ ರಸ್ತೆ ಮೇಲೆಲ್ಲ ಮೆಕ್ಕೆಜೋಳ ಒಣಹಾಕುತ್ತಾರೆ. ಆ ದಿನಗಳಲ್ಲಿ ಕಿಟಕಿ ಸರಳಿನ ಮೇಲೆ ಬೆರಳಾಡಿಸಿದರೆ ಹಳದಿ ಪುಡಿ ಅಂಟುತ್ತದೆ. ಹಳೇ ಊರಿನ ಮಂಡಕ್ಕಿ ಭಟ್ಟಿಗಳ ಹತ್ತಿರ ಇರುವ ಗೆಳೆಯನ ಮನೆಯಲ್ಲಿ ಇದೇ ಪುಡಿ ಮಸಿಯಂತೆ ಕರ್ರಗಿರುತ್ತದೆ. ಅವನ ಕಂಪ್ಯೂಟರಿನ ಫ್ಯಾನ್ ಒರೆಸಿದ ಬಟ್ಟೆ ಮತ್ತೆ ಬೆಳ್ಳಗಾಗಲೇ ಇಲ್ಲ. ಆದ್ದರಿಂದ ನಾನು ನೋಡಿದ ಎರಡನೇ ಗುಣ ಸ್ಟ್ಯಾಟಿಕ್ ಪ್ರೆಶರ್, ಅಂದರೆ ಅಡ್ಡಿಯ ಎದುರು ಗಾಳಿ ತಳ್ಳುವ ಒತ್ತಡ. ಎನ್‌ಎಫ್-ಎ12ಎಕ್ಸ್25ರದು ಪೂರ್ಣ ವೇಗವಾದ 2000 ಸುತ್ತಿನಲ್ಲಿ 2.34 ಮಿಲಿಮೀಟರ್ ನೀರಿನ ಮಟ್ಟ. 120 ಮಿಲಿಮೀಟರ್ ಫ್ಯಾನಿಗೆ ಇದು ಒಳ್ಳೆಯ ಅಂಕಿ.

ಹೊಸ ಫ್ಯಾನ್ ಕೊಳ್ಳುವ ಮುಂಚೆ ಮಾಡಿದ ಇನ್ನೊಂದು ಕೆಲಸವಿದೆ, ಅರ್ಧ ಯಶಸ್ಸು ಅದಕ್ಕೇ ಸಲ್ಲಬೇಕು. ನನ್ನ ಕೇಸಿನ ಮುಂಭಾಗ ಪೂರ್ತಿ ಗಾಜು. ಗಾಳಿ ಬರುವುದು ಪಕ್ಕದ ಬೆರಳಗಲದ ಸಂದಿಯಿಂದ ಮಾತ್ರ. ಒಂದು ರಾತ್ರಿ ಅನುಮಾನ ಬಂದು ಆ ಗಾಜಿನ ಪ್ಯಾನೆಲ್ ಕಿತ್ತು ಪಕ್ಕಕ್ಕಿಟ್ಟೆ. ಅದೇ ಹಳೆಯ ಫ್ಯಾನ್, ಅದೇ ಎಕ್ಸ್‌ಪೋರ್ಟ್. ಗ್ರಾಫಿಕ್ಸ್ ಕಾರ್ಡ್ 79 ಡಿಗ್ರಿಯಿಂದ 71ಕ್ಕೆ ಬಂತು. ಮರುದಿನ ಪ್ಯಾನೆಲನ್ನು ಫ್ಯಾಬ್ರಿಕೇಶನ್ ಅಂಗಡಿಗೆ ಒಯ್ದು, ಗಾಜು ತೆಗೆಸಿ, ಸಣ್ಣ ತೂತಿನ ತಗಡು ಕೂರಿಸಿದೆ. ಒಳಗಡೆ ತೊಳೆಯಬಹುದಾದ ನೈಲಾನ್ ಜಾಲರಿ. ಖರ್ಚು ಒಂದು ಫ್ಯಾನಿನ ಬೆಲೆಯ ಕಾಲುಭಾಗವೂ ಆಗಲಿಲ್ಲ. ನಿಮ್ಮ ಕೇಸಿನ ಮುಂಭಾಗ ಮುಚ್ಚಿದ್ದರೆ ಮೂರು ಸಾವಿರದ ಫ್ಯಾನ್ ತರುವ ಮೊದಲು ಈ ಪರೀಕ್ಷೆ ಮಾಡಿ. ಪ್ಯಾನೆಲ್ ತೆಗೆದಾಗ ಐದು ಡಿಗ್ರಿಗಿಂತ ಹೆಚ್ಚು ಇಳಿದರೆ ತೊಂದರೆ ಇರುವುದು ಫ್ಯಾನಿನಲ್ಲಲ್ಲ.

ಸೆಕೆ ತಗ್ಗಿತು, ಸದ್ದು ಮಾತ್ರ ಹಾಗೇ ಉಳಿಯಿತು. ಆಗ ಅಪ್ಪ ನೋಡಿದರು. ಅಪ್ಪ ನಮ್ಮೂರಿನ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಅಷ್ಟು ವರ್ಷದ ಗದ್ದಲದಿಂದ ಅವರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಉದ್ದನೆಯ ಸ್ಕ್ರೂಡ್ರೈವರ್ ತರಿಸಿಕೊಂಡು ತುದಿಯನ್ನು ಫ್ಯಾನಿನ ಚೌಕಟ್ಟಿಗೆ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಒಂದೊಂದನ್ನೇ ಕೇಳಿದರು. ಗಿರಣಿಯಲ್ಲಿ ಬೇರಿಂಗ್ ಪರೀಕ್ಷಿಸುತ್ತಿದ್ದುದು ಹೀಗೆಯೇ ಅಂತೆ. ಹಿಂದಿನದಕ್ಕೆ ಬಂದಾಗ "ಇದರ ಬುಷ್ ತಿಂದೈತಿ, ಬದಲ್ಸು" ಅಂದರು. ಬಿಚ್ಚಿ ನೋಡಿದೆ, ನಿಜ. ಅದು ಸ್ಲೀವ್ ಬೇರಿಂಗ್, ಎಣ್ಣೆ ಸವರಿದ ಬುಷ್‌ನೊಳಗೆ ದಂಡ ತಿರುಗುವಂಥದ್ದು. ಬಿಸಿ ಗಾಳಿ ಹೊರಗೆ ಹಾಕುವ ಜಾಗದಲ್ಲಿ ಎಣ್ಣೆ ಒಣಗಿ ದಂಡ ಅಲುಗಾಡುತ್ತಿತ್ತು. ಅಗ್ಗದ ಫ್ಯಾನ್‌ಗಳಲ್ಲಿ ಸಾಮಾನ್ಯವಾಗಿ ಇದೇ ಬೇರಿಂಗ್ ಇರುತ್ತದೆ. ಶಾಖ ಹೆಚ್ಚಾದಷ್ಟೂ ಅದರ ಆಯಸ್ಸು ಕಡಿಮೆ. ಹಿಂದಿನ ಮತ್ತು ಮೇಲಿನ ಜಾಗಕ್ಕೆ ದಯವಿಟ್ಟು ಫ್ಲೂಯಿಡ್ ಡೈನಾಮಿಕ್ (ದಂಡ ಎಣ್ಣೆಯ ಪದರದ ಮೇಲೆ ತೇಲುವ) ಅಥವಾ ಅದಕ್ಕೆ ಸಮನಾದ ಬೇರಿಂಗ್ ಇರುವುದನ್ನೇ ಹಾಕಿ.

ನಾಕ್ಟುವಾದಲ್ಲಿರುವುದು ಎಸ್‌ಎಸ್‌ಒ2 ಎಂಬ ಬೇರಿಂಗ್: ಎಣ್ಣೆಯ ಪದರದ ಜೊತೆಗೆ ಅಯಸ್ಕಾಂತ ದಂಡವನ್ನು ನಡುವಲ್ಲೇ ಹಿಡಿದಿಡುತ್ತದೆ. ಈ ಫ್ಯಾನ್ 2018ರಲ್ಲಿ ಬಂದದ್ದು. ಕಂಪನಿ ಆಸ್ಟ್ರಿಯಾದ್ದು. ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವೆ ಅರ್ಧ ಮಿಲಿಮೀಟರ್ ಸಂದಿ ಮಾತ್ರ. ಸಂದಿ ಕಿರಿದಾದಷ್ಟು ಗಾಳಿ ಹಿಂದಕ್ಕೆ ಸೋರುವುದು ಕಡಿಮೆ, ಹಾಗಾಗಿ ಜಾಲರಿಯ ಎದುರೂ ಅದು ಸೋಲುವುದಿಲ್ಲ. ಸಾಮಾನ್ಯ ಪ್ಲಾಸ್ಟಿಕ್ಕಿನಲ್ಲಿ ಇಷ್ಟು ಕಿರಿದು ಮಾಡಿದರೆ, ವರ್ಷಗಟ್ಟಲೆ ತಿರುಗಿ ತಿರುಗಿ ರೆಕ್ಕೆ ಹಿಗ್ಗಿ ಚೌಕಟ್ಟಿಗೆ ಉಜ್ಜಬಹುದು. ಅದಕ್ಕಾಗಿ ಸ್ಟೆರಾಕ್ಸ್ ಎಂಬ ಹಿಗ್ಗದ ಲಿಕ್ವಿಡ್ ಕ್ರಿಸ್ಟಲ್ ಪಾಲಿಮರ್ ಬಳಸಿದ್ದಾರೆ. ಕೊಳ್ಳುವಾಗ ಇದು ಜಾಹೀರಾತಿನ ಮಾತಿರಬಹುದು ಅನ್ನಿಸಿತ್ತು. ನಾಲ್ಕು ವರ್ಷದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಸಂದಿ ಸುತ್ತಲೂ ಒಂದೇ ಸಮ ಇದೆ. ಎಲ್ಲಿಯೂ ಉಜ್ಜಿದ ಗುರುತಿಲ್ಲ.

ಮೊದಲು ಒಂದನ್ನೇ ತರಿಸಿದೆ, ಸುಮಾರು ಮೂರು ಸಾವಿರಕ್ಕೆ. ತಿಂಗಳು ಬಿಟ್ಟು ಇನ್ನು ಮೂರು. ಕಂದು ಮತ್ತು ತಿಳಿ ಹಳದಿ ಬಣ್ಣ ಬೇಡದವರಿಗೆ ಕಪ್ಪು ಬಣ್ಣದ ಕ್ರೋಮ್ಯಾಕ್ಸ್ ಮಾದರಿಯೂ ಇದೆ. ಕೇಸ್ ಮೇಜಿನ ಕೆಳಗಿದ್ದರೆ ಬಣ್ಣದ ಚಿಂತೆ ಬೇಡ. ಪೆಟ್ಟಿಗೆಯಲ್ಲಿ ವೈ ಕೇಬಲ್, 30 ಸೆಂಟಿಮೀಟರಿನ ಉದ್ದ ಕೇಬಲ್, ವೇಗ ತಗ್ಗಿಸುವ ಅಡಾಪ್ಟರ್, ಸ್ಕ್ರೂಗಳು, ರಬ್ಬರ್ ಗೂಟಗಳು ಎಲ್ಲವೂ ಇರುತ್ತವೆ. ಸ್ಕ್ರೂ ಬಿಟ್ಟು ರಬ್ಬರ್ ಗೂಟವನ್ನೇ ಹಾಕಿ. ತೆಳು ತಗಡಿನ ಕೇಸಿಗೆ ಫ್ಯಾನಿನ ನಡುಕ ಇಳಿದರೆ ಇಡೀ ಕೇಸು ಹಲಗೆಯಂತೆ ಸದ್ದು ಮಾಡುತ್ತದೆ. ಒಂದು ಫ್ಯಾನ್ ಎಳೆಯುವುದು 0.14 ಆಂಪಿಯರ್, ಆದ್ದರಿಂದ ಮದರ್‌ಬೋರ್ಡಿನ ಒಂದೇ ಹೆಡರಿಗೆ (ಫ್ಯಾನ್ ಸಿಕ್ಕಿಸುವ ಪಿನ್‌ಗಳಿಗೆ) ವೈ ಕೇಬಲ್ ಮೂಲಕ ಎರಡು ಜೋಡಿಸಲು ಅಂಜಬೇಕಿಲ್ಲ. ನಾಲ್ಕು ಪಿನ್ನಿನ ಫ್ಯಾನನ್ನು ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಪಿಡಬ್ಲ್ಯುಎಂ ಎಂದೇ ಇಡಿ, ಅಂದರೆ ವೇಗವನ್ನು ನಾಲ್ಕನೇ ಪಿನ್ನಿನ ಸಂಕೇತದಿಂದ ಹಿಡಿಯುವ ಬಗೆ.

ಬಯಾಸ್‌ನ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಹೊಸ ಫ್ಯಾನ್ ಹಾಕಿದ ಮೊದಲ ವಾರ ನನಗೆ ತೃಪ್ತಿ ಆಗಲಿಲ್ಲ. ಬ್ರೌಸರ್ ತೆರೆದರೂ ಫ್ಯಾನ್ ಒಮ್ಮೆ ಏರಿ ಇಳಿಯುತ್ತಿತ್ತು. ಒಂದೇ ಸಮನೆ ಇರುವ ಸದ್ದಿಗೆ ಕಿವಿ ಒಗ್ಗುತ್ತದೆ, ಏರಿಳಿಯುವ ಸದ್ದಿಗೆ ಒಗ್ಗುವುದಿಲ್ಲ. ಕಾರಣ ಫ್ಯಾನಿನದಲ್ಲ. ರೈಜೆನ್ ಪ್ರೊಸೆಸರಿನ ತಾಪ ಸಣ್ಣ ಕೆಲಸಕ್ಕೂ ಕ್ಷಣದಲ್ಲಿ ಹತ್ತು ಹದಿನೈದು ಡಿಗ್ರಿ ಜಿಗಿಯುತ್ತದೆ, ಬಯಾಸ್ ಅದನ್ನೇ ಹಿಂಬಾಲಿಸುತ್ತದೆ. ಫ್ಯಾನ್ ಕಂಟ್ರೋಲ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಮುಂದಿನ ಮೂರನ್ನು ಗ್ರಾಫಿಕ್ಸ್ ಕಾರ್ಡಿನ ತಾಪಕ್ಕೆ ಕಟ್ಟಿದೆ, ವೇಗ ಬದಲಾಗಲು ಕೆಲವು ಸೆಕೆಂಡುಗಳ ತಡ ಇಟ್ಟೆ. ಸುಮ್ಮನಿದ್ದಾಗ 500 ಸುತ್ತು, ಎಡಿಟಿಂಗ್ ಮಾಡುವಾಗ 750, ಎಕ್ಸ್‌ಪೋರ್ಟ್‌ಗೆ 1000. ಅಂದಿನಿಂದ ಅದನ್ನು ಮುಟ್ಟಿಲ್ಲ, ಬೇಸಿಗೆ ಒಂದನ್ನು ಬಿಟ್ಟು.

ಏಪ್ರಿಲ್‌ನಲ್ಲಿ ಮಹಡಿ ಕೋಣೆ ಮಧ್ಯಾಹ್ನ 36 ಡಿಗ್ರಿ ಮುಟ್ಟುತ್ತದೆ. ಡಿಸೆಂಬರ್‌ನಲ್ಲಿ 24. ಆ 12 ಡಿಗ್ರಿ ನೇರವಾಗಿ ಪ್ರೊಸೆಸರಿಗೂ ಕಾರ್ಡಿಗೂ ಸೇರುತ್ತದೆ. ಯಾವ ಫ್ಯಾನೂ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಚಳಿಗಾಲದಲ್ಲಿ 62 ಇರುವ ಕಾರ್ಡ್ ಏಪ್ರಿಲ್‌ನಲ್ಲಿ 74 ತೋರಿಸುತ್ತದೆ. ಆಗ ಮಿತಿಯನ್ನು 1200ಕ್ಕೆ ಏರಿಸುತ್ತೇನೆ. ಸದ್ದು ಕೇಳುತ್ತದೆ, ಆದರೆ ಆ ದಿನಗಳಲ್ಲಿ ಸೀಲಿಂಗ್ ಫ್ಯಾನ್ ಹೇಗೂ ಓಡುತ್ತಿರುವುದರಿಂದ ಗಮನಕ್ಕೆ ಬರುವುದಿಲ್ಲ. ಧ್ವನಿ ಮುದ್ರಣವನ್ನು ಬೆಳಗಿನ ಜಾವ ಐದಕ್ಕೆ ಇಟ್ಟುಕೊಂಡಿದ್ದೇನೆ. ಆ ಹೊತ್ತಿಗೆ 500 ಸುತ್ತಿನಲ್ಲಿ ಕೇಸಿನ ಮುಂದೆ ಕೈಯಿಟ್ಟರಷ್ಟೇ ಅದು ತಿರುಗುತ್ತಿದೆ ಎಂದು ಗೊತ್ತಾಗುವುದು. ಕರೆಂಟ್ ಹೋಗಿ ಬೀದಿ ಪೂರ್ತಿ ಸುಮ್ಮನಾಗಿ, ಯುಪಿಎಸ್ ಮೇಲೆ ಕಂಪ್ಯೂಟರ್ ಮಾತ್ರ ನಡೆದ ರಾತ್ರಿಗಳಲ್ಲಿ ಕಿವಿಗೊಟ್ಟು ಕೇಳಿದ್ದೇನೆ. ಫ್ಯಾನಿಗಿಂತ ಹಾರ್ಡ್ ಡಿಸ್ಕಿನ ಕಟಕಟವೇ ದೊಡ್ಡದು.

ದೂಳಿನ ವಿಷಯದಲ್ಲಿ ಬೆಲೆಯ ಫ್ಯಾನಿಗೂ ವಿನಾಯಿತಿ ಇಲ್ಲ. ಮುಂದೆ ಮೂರು ಒಳಕ್ಕೆ, ಹಿಂದೆ ಒಂದು ಹೊರಕ್ಕೆ ಇರುವುದರಿಂದ ಪೆಟ್ಟಿಗೆಯೊಳಗೆ ಒತ್ತಡ ಸ್ವಲ್ಪ ಹೆಚ್ಚು, ಸಂದಿಗಳಿಂದ ದೂಳು ನುಗ್ಗುವುದು ಕಡಿಮೆ. ಆದರೂ ಜಾಲರಿಯನ್ನು ತಿಂಗಳಿಗೊಮ್ಮೆ, ಸುಗ್ಗಿಯಲ್ಲಿ ವಾರಕ್ಕೊಮ್ಮೆ ತೊಳೆಯುತ್ತೇನೆ. ಒಂದು ವರ್ಷ ಮದುವೆ ಸೀಸನ್‌ನ ಗಡಿಬಿಡಿಯಲ್ಲಿ ಎರಡು ತಿಂಗಳು ಮರೆತಿದ್ದೆ. ಕಾರ್ಡಿನ ತಾಪ 7 ಡಿಗ್ರಿ ಏರಿತ್ತು, ಫ್ಯಾನ್ ಅದನ್ನು ಸರಿದೂಗಿಸಲು 1100ರಲ್ಲಿ ಓಡುತ್ತಿತ್ತು. ತೊಳೆದ ಸಂಜೆಯೇ ಮತ್ತೆ ಮೊದಲಿನಂತಾಯಿತು. ಬ್ಲೋವರ್ ಹಿಡಿಯುವಾಗ ಮಾತ್ರ ರೆಕ್ಕೆಯನ್ನು ಬೆರಳಿನಿಂದ ತಡೆದಿರಿ. ಗಾಳಿಯ ಹೊಡೆತಕ್ಕೆ ಅದು ಮಿತಿ ಮೀರಿ ತಿರುಗಿದರೆ ಬೇರಿಂಗಿಗೆ ಪೆಟ್ಟು, ಮೋಟಾರು ಡೈನಮೊ ಆಗಿ ಬೋರ್ಡಿಗೆ ವಿದ್ಯುತ್ ಹಿಮ್ಮುಖವಾಗಿ ಹೋಗುವ ಅಪಾಯವೂ ಇದೆ.

ನಾಲ್ಕಕ್ಕೆ ಹನ್ನೆರಡು ಸಾವಿರ ಎಲ್ಲರೂ ಹಾಕಬೇಕೇ? ಬೇಡ. ಆಟ ಆಡುವವರು, ಹೆಡ್‌ಫೋನ್ ಹಾಕಿ ಕೆಲಸ ಮಾಡುವವರು ಇದರ ಮೂರನೇ ಒಂದು ಭಾಗ ಬೆಲೆಯ ಒಳ್ಳೆ ಬೇರಿಂಗಿನ ಫ್ಯಾನ್ ಕೊಂಡು, ವೇಗ ತಗ್ಗಿಸಿ, ಉಳಿದ ಹಣದಲ್ಲಿ ಮುಂಭಾಗ ತೆರೆದ ಕೇಸ್ ಕೊಳ್ಳಲಿ. ಗೆಳೆಯನಿಗೆ ನಾನೇ ಹಾಗೆ ಮಾಡಿಸಿದ್ದೇನೆ, ಚೆನ್ನಾಗಿಯೇ ಇದೆ. 140 ಮಿಲಿಮೀಟರ್ ಹಿಡಿಯುವ ಕೇಸಿದ್ದರೆ ಅದನ್ನೇ ಹಾಕಿ, ದೊಡ್ಡ ರೆಕ್ಕೆ ನಿಧಾನ ತಿರುಗಿಯೂ ಅಷ್ಟೇ ಗಾಳಿ ಕೊಡುತ್ತದೆ. ಮೈಕ್ ಎದುರು ಕುಳಿತು ದುಡಿಯುವವರಿಗೆ, ಒಂದೇ ಕೋಣೆಯಲ್ಲಿ ಮಗು ಮಲಗಿಸಿ ರಾತ್ರಿ ಕೆಲಸ ಮಾಡುವವರಿಗೆ ಮಾತ್ರ ಈ ಬೆಲೆ ನ್ಯಾಯ ಅನ್ನುತ್ತೇನೆ.

ಈ ವರ್ಷ ಜಾಲರಿ ತೊಳೆದಾಗ ಅಪ್ಪನ ಕೈಗೆ ಮತ್ತೆ ಸ್ಕ್ರೂಡ್ರೈವರ್ ಕೊಟ್ಟೆ. ನಾಲ್ಕನ್ನೂ ಕೇಳಿ, ಹಿಂದಿನದನ್ನು ಎರಡು ಸಲ ಕೇಳಿ, "ಏನೂ ಆಗಿಲ್ಲ" ಅಂದರು. 2025ರಲ್ಲಿ ಇದರ ಎರಡನೇ ತಲೆಮಾರು, ಜಿ2, ಬಂದಿದೆ. ಇವು ಕೆಡುವ ತನಕ ಅದನ್ನು ಕೊಳ್ಳುವ ಯೋಚನೆ ನನಗಿಲ್ಲ. ವಾರಂಟಿ ಆರು ವರ್ಷದ್ದು, ಮೊದಲು ತರಿಸಿದ್ದಕ್ಕೆ 2028ರ ಮಾರ್ಚ್ ತನಕ ಇದೆ.