ಮಂಬಲ್, ಮಟರ್, ಮರ್ಮರ್: ಯಾವುದು ಎಲ್ಲಿಗೆ?

ಇಂಗ್ಲಿಷಿನ ಈ ಮೂರೂ ಮೆಲುದನಿಯ ಪದಗಳೇ. ಆದರೆ ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಅರ್ಥ ಕೆಡುತ್ತದೆ. ಬಾಯಿ ಸರಿಯಾಗಿ ತೆರೆಯದೆ, ಪದಗಳನ್ನು ನುಂಗಿ ಮಾತಾಡಿದರೆ ಮಂಬಲ್. ಅದಕ್ಕೆ ಸಿಟ್ಟು ಬೇಕಿಲ್ಲ. ನಾಚಿಕೆಯೋ ನಿದ್ದೆಗಣ್ಣೋ ಸಾಕು. ಮಟರ್‌ನಲ್ಲಿ ಅಸಮಾಧಾನ ಜಾಸ್ತಿ. ನಮ್ಮ 'ಗೊಣಗು' ಇದಕ್ಕೆ ಚೆನ್ನಾಗಿ ಹೊಂದುತ್ತದೆ, ಅಲ್ವಾ?

ನನಗೆ ತುಂಬಾ ಇಷ್ಟವಾದದ್ದು ಮರ್ಮರ್. ಲ್ಯಾಟಿನ್ ಮೂಲದ್ದು. ಎಲೆಗಳ ಸದ್ದಿಗೆ ನಾವು ಬಳಸುವ ಸಂಸ್ಕೃತದ 'ಮರ್ಮರ'ವೂ ಕಿವಿಗೆ ಹಾಗೇ ಕೇಳುತ್ತದೆ! ಪ್ರೀತಿಯ ಮೆಲುಮಾತು, ಗುಂಪಿನ ಗುಜುಗುಜು, ತೊರೆಯ ಜುಳುಜುಳು, ಡಾಕ್ಟರಿಗೆ ಸ್ಟೆತಸ್ಕೋಪಿನಲ್ಲಿ ಕೇಳುವ ಹೃದಯದ ಹೆಚ್ಚುವರಿ ಸದ್ದು, ಎಲ್ಲಕ್ಕೂ ಇದೇ ಪದ.

ಮಗುವಿನ ತೊದಲಿಗೆ ಮಾತ್ರ ಈ ಮೂರೂ ಬೇಡ, ಬ್ಯಾಬಲ್ ಅನ್ನಿ. ಅರ್ಥವೇ ಇಲ್ಲದ ಮಾತಿಗೆ ಜಿಬರಿಷ್.